ಎಡಗೈಗೊಂದು ಕೀ

ಜನವರಿ 12, 1998, ಸೋಮವಾರ

ಕಂಪ್ಯೂಟರ್ ಸೆಂಟರಿನಲ್ಲಿ ಬೆಳಗಿನ ಬ್ಯಾಚ್. ಮತ್ತೆ ಅದೇ ಪಾಠ — ಬಟನ್, ಕ್ಲಿಕ್, ಕ್ಲಿಕ್ ಆದಾಗ ಏನಾಗಬೇಕು. ಹಳೆಯ ಪ್ರೋಗ್ರಾಮುಗಳು ತಾವೇ ಮುಂದೆ ನಡೆಯುತ್ತಿದ್ದವು, ಮನುಷ್ಯ ಅವುಗಳ ಹಿಂದೆ ಹೋಗಬೇಕಿತ್ತು. ವಿಷುಯಲ್ ಬೇಸಿಕ್‌ನಲ್ಲಿ ಹಾಗಲ್ಲ. ಪ್ರೋಗ್ರಾಮು ಕೂತು ಕಾಯುತ್ತದೆ. ಯಾರಾದರೂ ಮುಟ್ಟಿದರೆ ಏಳುತ್ತದೆ. ಆ ಮುಟ್ಟುವುದೇ ಈವೆಂಟ್ ಅಂದೆ. ಬರೆದುಕೊಂಡರು. ಮುಂದಿನ ಸಾಲಿನವಳು ಆಕಳಿಸಿದಳು. ನನಗೂ ಬಂತು.

ಸಂಜೆ ಅಂಬಮ್ಮ ಮನೆಗೆ ತಡವಾಗಿ ಬಂದಳು. ಸೀರೆಯಲ್ಲೆಲ್ಲ ಗೂಡಿನ ವಾಸನೆ. ರೇಷ್ಮೆ ಸಂಘದ ಹರಾಜು ಹಾಲಿನಲ್ಲಿ ಕಂಪ್ಯೂಟರಿಗೆ ಕೂರುವವಳು ಅವಳು. ಅಲ್ಲಿನ ಪ್ರೋಗ್ರಾಮು ನನ್ನದು. ಗೂಡು ಮಿತಿಮೀರಿ ಬರುತ್ತಿದೆಯಂತೆ. ಮಾಗಡಿಯಿಂದ ಟೆಂಪೊ, ಕನಕಪುರದಿಂದ ಲಾರಿ. ರಾಗಿ ಬಿತ್ತುತ್ತಿದ್ದವರೆಲ್ಲ ಹಿಪ್ಪುನೇರಳೆ ನೆಟ್ಟಿದ್ದಾರೆ. ಹರಾಜು ಕೂಗುವವನ ವೇಗಕ್ಕೆ ನನ್ನ ಪ್ರೋಗ್ರಾಮು ಸಾಲುತ್ತಿಲ್ಲ — ಇದು ಸೆಕ್ರೆಟರಿ ಮುನಿಶಾಮಯ್ಯನ ಮಾತು. ಅವಳ ಬಾಯಲ್ಲಿ ಬಂತು.

"ಕನಕಪುರದಿಂದ ಒಬ್ರನ್ನ ಕರೆಸವ್ರೆ. ಲಕ್ಷ್ಮಯ್ಯ ಅಂತ. ಅವ್ರೂ ಪ್ರೋಗ್ರಾಮ್ ಬರೀತಾರಂತೆ."

"ನಾನಿಲ್ಲವೇ?"

"ನಂಗೇನ್ ಗೊತ್ತು ಬುಡಿ. ಸುಮ್ನೆ ನೋಡಕ್ಕೆ ಬಂದವ್ರೆ."

ಜನವರಿ 13

ಆ ಲಕ್ಷ್ಮಯ್ಯ ನೋಡಿದನೇ ಅಂತ ಕೇಳಿದೆ. ನೋಡಿದನಂತೆ. ಏನನ್ನು?

"ಕೀಬೋರ್ಡ್ ಮುಟ್ಟಲೇ ಇಲ್ಲ ಕಣ್ರೀ. ಪಕ್ಕದಲ್ಲಿ ಸ್ಟೂಲ್ ಹಾಕ್ಕೊಂಡು ಕುಂತಿದ್ದ. ನನ್ ಕೈ ನೋಡ್ಕಂಡು."

"ಇಡೀ ದಿನ?"

"ಊಟಕ್ಕೆ ಎದ್ದಿದ್ದನಲ್ಲ."

ಹೇಳುತ್ತಾ ನಕ್ಕಳು. ಅವರೆಕಾಯಿ ಸುಲಿಯುತ್ತಿದ್ದಳು. ಕೈ ನಿಲ್ಲಿಸಲಿಲ್ಲ. ನಾನೂ ನೋಡಿದೆ. ಕಾಳು ಪಾತ್ರೆಗೆ ಬೀಳುತ್ತಿತ್ತು, ಸಿಪ್ಪೆ ಮೊರಕ್ಕೆ. ನೋಡುವಂಥದ್ದೇನು ಇತ್ತು?

ಜನವರಿ 21, ಬುಧವಾರ

ಹಾಲಿಗೆ ಹೋಗಿದ್ದೆ. ಪ್ರಿಂಟರ್ ರಿಬ್ಬನ್ ಕೊಡುವ ನೆಪ.

ಉದ್ದಕ್ಕೂ ತಗಡಿನ ಟ್ರೇಗಳು, ಹಳದಿ ಗೂಡಿನ ರಾಶಿ. ಒಂದೊಂದು ರಾಶಿಯೂ ಒಂದು ಲಾಟು, ಪಕ್ಕದಲ್ಲಿ ಅದರ ರೈತ. ಗೂಡು ಕೊಂಡು ನೂಲು ತೆಗೆಯುವ ರೀಲರ್‌ಗಳು ಮೊಣಕೈವರೆಗೆ ಕೈ ಹಾಕಿ ಕಲಕುತ್ತಾರೆ, ಒಂದನ್ನು ಕಿವಿಯ ಹತ್ತಿರ ಅಲುಗಿಸುತ್ತಾರೆ. ಕೂಗು ಏರುತ್ತದೆ, ನಿಲ್ಲುತ್ತದೆ. ಕಡೆಯ ಕೂಗಿನ ನಂತರ ಒಂದು ಗಳಿಗೆ ಎಲ್ಲರೂ ಸುಮ್ಮನೆ. ರೈತನಿಗೆ ಒಪ್ಪಿಗೆಯಾದರೆ ನಿಂತಂತೆ ನಿಲ್ಲುತ್ತಾನೆ. ಇಲ್ಲದಿದ್ದರೆ ಹೆಗಲ ಮೇಲಿನ ಟವಲ್ ತೆಗೆದು ರಾಶಿಯ ಮೇಲೆ ಹೊದಿಸುತ್ತಾನೆ. ಟವಲ್ ಬಿದ್ದರೆ ಮಾರಾಟವಿಲ್ಲ. ಮಧ್ಯಾಹ್ನ ಇನ್ನೊಂದು ಸುತ್ತು. ಕೊಡುವುದಿಲ್ಲ ಅಂತ ಬಾಯಲ್ಲಿ ಹೇಳಿದರೆ ರೀಲರಿಗೆ ಅವಮಾನ. ಟವಲ್ಲಿನಿಂದ ಯಾರಿಗೂ ಅವಮಾನವಿಲ್ಲ. ಈ ಸಂಘದಲ್ಲಿ ಮೊದಲಿನಿಂದ ಹೀಗೆ.

ಅಂಬಮ್ಮ ಎತ್ತರದ ಮೇಜಿನ ಹಿಂದೆ. ಅವಳ ಕಣ್ಣು ರೈತನ ಹೆಗಲಿನ ಮೇಲೆ. ಹಾಗಿರಲೇಬೇಕು. ನನ್ನ ಪ್ರೋಗ್ರಾಮು ಪ್ರತಿ ಲಾಟಿಗೂ ಪರದೆಯ ಮೇಲೆ ಒಂದು ಡಬ್ಬಿ ತೆರೆದು ಕೇಳುತ್ತದೆ — ಓಕೆ? ಕ್ಯಾನ್ಸಲ್? ಅವಳು ಹೆಗಲಿನಿಂದ ಕಣ್ಣು ಕೀಳಬೇಕು, ಮೌಸ್ ಹುಡುಕಬೇಕು, ಬಾಣವನ್ನು ಡಬ್ಬಿಯ ಮೇಲೆ ತರಬೇಕು. ಅಷ್ಟರಲ್ಲಿ ಕೂಗುವವನು ಮುಂದಿನ ಲಾಟಿನಲ್ಲಿದ್ದಾನೆ. ಬರೆದವನು ನಾನು. ಇವತ್ತು ಕಂಡಿತು.

ಲಕ್ಷ್ಮಯ್ಯ — ಮೂವತ್ತೈದು ಇರಬಹುದು. ಮೀಸೆಗೆ ಎಣ್ಣೆ. ಬಾಯಲ್ಲಿ ಅಡಿಕೆ. ಮಾತಾಡುವಾಗ ತುಂತುರು. ಎದ್ದು ಸ್ಟೂಲ್ ಕೊಟ್ಟ. ನಾನು ಕೂರಲಿಲ್ಲ.

"ಸಾರ್, ಅಕ್ಕನ ಎಡಗೈ ಉಂಗುರದ ಬೆರಳು ಬಗ್ಗಲ್ಲ, ನೋಡಿದೀರಾ?"

ನನ್ನ ಹೆಂಡತಿಯ ಬೆರಳಿನ ವಿಷಯ ನನಗೆ ಹೇಳುತ್ತಿದ್ದಾನೆ.

"ಗೊತ್ತು," ಅಂದೆ.

ಗೊತ್ತಿತ್ತು. ಹುಡುಗಿಯಾಗಿದ್ದಾಗ ಚನ್ನಪಟ್ಟಣದಲ್ಲಿ ಸೋದರಮಾವನ ಫಿಲೇಚರಿನಲ್ಲಿ ನೂಲು ತೆಗೆಯುತ್ತಿದ್ದಳು. ಕುದಿಯುವ ಬೇಸಿನ್, ಬೆರಳು ಬೆಂದಿತ್ತು. ಮದುವೆಯಾದ ವರ್ಷವೇ ಹೇಳಿದ್ದಳು. ಕೇಳಿ, ಎಲ್ಲಿಯೋ ಇಟ್ಟು ಮರೆತಿದ್ದೆ.

ಫೆಬ್ರವರಿ 3, ಮಂಗಳವಾರ

ಅವನ ಪ್ರೋಗ್ರಾಮು ಇವತ್ತಿನಿಂದ. ಅಂಬಮ್ಮ ಬೆಳಕಿರುವಾಗಲೇ ಮನೆಗೆ ಬಂದಳು. ಬಹಳ ದಿನಗಳ ಮೇಲೆ ಇಬ್ಬರೂ ಕೂತು ಕಾಫಿ ಕುಡಿದೆವು. ಚೆನ್ನಾಗಿಯೇ ಇತ್ತು. ಅವನಿಂದ ಸಿಕ್ಕ ಸಂಜೆ ಅನ್ನುವುದನ್ನು ಬಿಟ್ಟರೆ.

ಫೆಬ್ರವರಿ 6

ಹೊಸದರಲ್ಲಿ ಡಬ್ಬಿ ಇಲ್ಲ. ಕಡೆಯ ಕೂಗನ್ನು ಒತ್ತಿ ಎಂಟರ್ ಕೊಟ್ಟರೆ ಒಳಗೆ ಟೈಮರ್ ಓಡುತ್ತದೆ. ಟವಲ್ ಬೀಳದಿದ್ದರೆ ಅವಳು ಏನೂ ಮಾಡಬೇಕಿಲ್ಲ — ಹೊತ್ತು ಮುಗಿದು ಮಾರಾಟದ ಚೀಟಿ ತಾನೇ ಪ್ರಿಂಟ್ ಆಗುತ್ತದೆ, ರೀಲರ್ ಚೀಟಿ ಹಿಡಿದು ಗೂಡು ಎತ್ತಿಸುತ್ತಾನೆ. ಟವಲ್ ಬಿದ್ದರೆ ಎಡಗೈಯಲ್ಲಿ ಒಂದು ಕೀ. ಟೈಮರ್ ನಿಲ್ಲುತ್ತದೆ, ಚೀಟಿ ಬರುವುದಿಲ್ಲ.

"ಯಾವ ಕೀ?"

ಊಟದ ತಟ್ಟೆಯ ಪಕ್ಕ ಎಡಗೈ ಇಟ್ಟು ತೋರಿಸಿದಳು. ಅಂಗೈ ಒರಗಿಸಿದರೆ ಬಗ್ಗದ ಬೆರಳು ನೆಟ್ಟಗೆ ಹೋಗಿ ಬೀಳುವ ಜಾಗ. ಎಸ್ಕೇಪ್ ಕೆಳಗಿನದು. ಅಲೆಯ ಗುರುತು ಇರುವ, ಯಾರೂ ಬಳಸದ ಕೀ.

"ನೋಡೋದೇ ಬ್ಯಾಡ. ಕೈ ತಾನೇ ಹೋಯ್ತದೆ."

"ನನ್ನದರಲ್ಲಿ ತಪ್ಪಾಗುತ್ತಿರಲಿಲ್ಲ. ಎರಡೆರಡು ಸಲ ಕೇಳುತ್ತಿತ್ತು."

"ಹೂಂ. ಮನೇಲಿ ನೀವು ಏನೂ ಕೇಳಲ್ಲ. ನಿಮ್ ಪ್ರೋಗ್ರಾಮು ಎಲ್ಲಾನೂ ಕೇಳೋದು."

ತಮಾಷೆಗೆ ಅಂದಿದ್ದು. ಹುಳಿ ಬಡಿಸಿದಳು. ಉಂಡೆ.

ಫೆಬ್ರವರಿ 9

ಪಾಠದ ಮಧ್ಯೆ ನಿಂತುಬಿಟ್ಟೆ. ಇಷ್ಟು ವರ್ಷ ಅವಳ ಪಕ್ಕದಲ್ಲಿ ಕೂತು ಓದಿದ್ದೇನೆ, ಬರೆದಿದ್ದೇನೆ, ದೂರದಲ್ಲಿರುವುದೇ ಒಂದು ಬಗೆಯ ಸಭ್ಯತೆ ಅಂದುಕೊಂಡಿದ್ದೇನೆ. ಅವನು ಒಂದು ಸ್ಟೂಲ್ ಎಳೆದುಕೊಂಡ. ಅಷ್ಟೆ.

ಈಗ ಅವಳ ಕೈ ಕಂಡಾಗಲೆಲ್ಲ ಅವನು ಹೇಗೆ ನೋಡಿರಬಹುದು ಅಂತ ನೋಡುತ್ತೇನೆ. ನನ್ನದೇ ಆದ ನೋಟ ಸಿಗುತ್ತಿಲ್ಲ.

ಫೆಬ್ರವರಿ 22, ಭಾನುವಾರ

ಮುನಿಶಾಮಯ್ಯ ಮನೆಗೆ ಬಂದ. ಕೈಯಲ್ಲಿ ಫ್ಲಾಪಿ.

"ಮೇಷ್ಟ್ರೇ, ಚೀಟೀಲಿ ತಾರೀಕು ತಿರುಗಾಮುರುಗಾ ಬತ್ತಾ ಐತೆ. ತಿಂಗಳು ಮುಂದೆ, ದಿನ ಹಿಂದೆ. ಲಕ್ಷ್ಮಯ್ಯ ತಂಗಿ ಮದುವೆ ಓಡಾಟದಲ್ಲವ್ನೆ. ನೀವೇ ಒಸಿ ಸರಿ ಮಾಡಿಕೊಟ್ಬುಡಿ."

"ಅವನದನ್ನು ನಾನು ಮುಟ್ಟಬಹುದೇ?"

"ಅವನೇ ಹೇಳ್ದ. ಸಾರ್ ನೋಡಿದ್ರೆ ಇನ್ನೂ ಒಳ್ಳೇದು ಅಂದ."

ಅಂಬಮ್ಮ ಒಳಗಿನಿಂದ ಮಜ್ಜಿಗೆ ತಂದಳು. "ಇವ್ರು ಮಾಡ್ತಾರೆ ಬುಡಿ," ಅಂದಳು. ಅವನ ತಪ್ಪೊಂದು ನನ್ನ ಕೈಗೆ ಸಿಕ್ಕಿತಲ್ಲ ಅಂತ ನನಗೆ ಖುಷಿ. ಸಣ್ಣದು. ಆದರೆ ಇತ್ತು.

ಫೆಬ್ರವರಿ 23, ಸೋಮವಾರ, ಮಧ್ಯಾಹ್ನ

ಸೆಂಟರಿನಲ್ಲಿ ಯಾರೂ ಇಲ್ಲ. ಅವನ ಕೋಡ್ ತೆರೆದೆ. ಗಲೀಜು. ಹೆಸರುಗಳಿಗೆ ಕ್ರಮವಿಲ್ಲ, ಒಂದೇ ಸಾಲನ್ನು ಮೂರು ಕಡೆ ಬರೆದಿದ್ದಾನೆ. ತಾರೀಕು ಸರಿಮಾಡಲು ಎಷ್ಟು ಹೊತ್ತು — ಒಂದು ಸಾಲು.

ಆಮೇಲೆ ಮುಚ್ಚಬಹುದಿತ್ತು. ಓದುತ್ತಾ ಹೋದೆ.

ಕೀ ಒತ್ತಿದಾಗಿನ ಭಾಗ. ಎಸ್ಕೇಪ್ ಬಂದರೆ ಟೈಮರ್ ನಿಲ್ಲಿಸು. ಅದರ ಕೆಳಗೆ ಇನ್ನೊಂದು — ಆ ಅಲೆ ಗುರುತಿನ ಕೀ ಬಂದರೂ ನಿಲ್ಲಿಸು. ಪಕ್ಕದಲ್ಲಿ ತನಗೆ ತಾನೇ ಬರೆದುಕೊಂಡ ಟಿಪ್ಪಣಿ, ಇಂಗ್ಲಿಷ್ ಅಕ್ಷರದಲ್ಲಿ: ಅಂಬಕ್ಕ, ಎಡಗೈ.

ಅಕ್ಕ ಅಂದಿದ್ದಾನೆ. ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಅಕ್ಕನೋ ತಂಗಿಯೋ, ಅದಲ್ಲ ವಿಷಯ. ಯಾವುದೋ ಒಂದು ಯಂತ್ರದೊಳಗೆ, ಯಾರೂ ನೋಡದ ಕಡೆ, ನನ್ನ ಹೆಂಡತಿಯ ಬೆರಳಿಗಾಗಿ ಒಬ್ಬ ಜಾಗ ಮಾಡಿಟ್ಟಿದ್ದಾನೆ. ಅವಳು ಮುಟ್ಟುವುದನ್ನೇ ಅದು ಕಾಯುತ್ತಾ ಕೂತಿದೆ. ನಾನು ಬರೆದದ್ದರಲ್ಲಿ ಅವಳು ಎಲ್ಲಿಯೂ ಇರಲಿಲ್ಲ.

ಒಂದು ಕೆಲಸಕ್ಕೆ ಒಂದು ಕೀ. ಇದು ಶಿಸ್ತು, ಪಾಠದಲ್ಲೂ ಹೇಳುತ್ತೇನೆ. ಎಸ್ಕೇಪ್ ಇದ್ದೇ ಇದೆ. ಆ ಎರಡು ಸಾಲು ಅಳಿಸಿದೆ. ಟಿಪ್ಪಣಿಯನ್ನೂ.

ಓಡಿಸಿ ನೋಡಿದೆ. ಆ ಕೀ ಒತ್ತಿದೆ. ಏನೂ ಆಗಲಿಲ್ಲ. ಎರರ್ ಕೂಡ ಇಲ್ಲ. ಒತ್ತಿದ್ದು ಒತ್ತಿದ್ದೇ, ಒಳಗೆ ಕೇಳುವವರಿಲ್ಲ, ಅಷ್ಟೆ.

ಅವನ ಫ್ಲಾಪಿಯನ್ನು ಮೇಜಿನ ಡ್ರಾಯರಿಗೆ ಹಾಕಿದೆ. ನಾನು ತಿದ್ದಿದ್ದನ್ನು ಬೇರೆ ಫ್ಲಾಪಿಗೆ.

ಫೆಬ್ರವರಿ 24

ಹಾಲಿನ ಕಂಪ್ಯೂಟರಿಗೆ ಹಾಕಿ ಬಂದೆ. ತಾರೀಕು ಸರಿ ಬಂತು. ಮುನಿಶಾಮಯ್ಯ ಟೀ ತರಿಸಿದ. ಅಂಬಮ್ಮನಿಗೆ ಕೀ ವಿಷಯ ಹೇಳಬೇಕು ಅಂದುಕೊಂಡಿದ್ದೆ. ಅವಳು ಪ್ರಿಂಟರಿನ ಬಳಿ ಚೀಟಿ ಹರಿಯುತ್ತಿದ್ದಳು. ಮನೆಗೆ ಬಂದ ಮೇಲೆ ಹೇಳಿದರಾಯಿತು.

ಫೆಬ್ರವರಿ 27

ಹೇಳಿಲ್ಲ.

ಈ ವಾರ ರೇಟು ಮೇಲೆ. ಯಾರೂ ಟವಲ್ ಹೊದಿಸುತ್ತಿಲ್ಲವಂತೆ. "ಎಲ್ರೂ ಹಲ್ಲು ಕಿರ್ಕಂಡು ನಿಂತಿರ್ತಾರೆ," ಅಂದಳು. ಅವಸರವಿಲ್ಲ ಹಾಗಾದರೆ.

ಹೇಗೆ ಹೇಳುವುದು ಅನ್ನುವುದೂ ಒಂದು ಪ್ರಶ್ನೆ. ಯಾಕೆ ತೆಗೆದಿರಿ ಅಂತ ಕೇಳುತ್ತಾಳೆ. ಶಿಸ್ತು ಅಂದರೆ ನನ್ನ ಮುಖ ನೋಡುತ್ತಾಳೆ.

ಮಾರ್ಚ್ 10, ಮಂಗಳವಾರ

ಎರಡು ವಾರ ಮೇಲಿದ್ದ ರೇಟು ಬೆಳಿಗ್ಗೆ ಬಿತ್ತಂತೆ. ಆಗಿದ್ದು ಇಷ್ಟು.

ಅಕ್ಕೂರಿನ ದಾಸಪ್ಪ. ಗೂಡು ಒಳ್ಳೆಯದು, ಕೈಗೆ ಕಲ್ಲಿನಂತೆ ಸಿಗುವಂಥದ್ದು. ಕೂಗು ಮೇಲೇಳಲಿಲ್ಲ. ರೀಲರ್ ರಸೂಲ್‌ದೇ ಕಡೆಯ ಕೂಗು. ದಾಸಪ್ಪ ಟವಲ್ ಹೊದಿಸಿದ. ಅಂಬಮ್ಮ ನೋಡಿದಳು, ಎಡಗೈ ಒತ್ತಿದಳು, ಮುಂದಿನ ಲಾಟಿಗೆ ಕಣ್ಣು ತಿರುಗಿಸಿದಳು. ದಾಸಪ್ಪ ಮಧ್ಯಾಹ್ನದ ಸುತ್ತಿಗೆ ಹೊತ್ತಿದೆಯಲ್ಲ ಅಂತ ಟೀಗೆ ಹೋದ. ಬಾಗಿಲ ಬಳಿಯ ಪ್ರಿಂಟರಿನಲ್ಲಿ ಚೀಟಿ ಬಂತು. ರಸೂಲನ ಆಳುಗಳು ಚೀಟಿ ನೋಡಿ, ಟವಲ್ ಮಡಿಸಿ ಪಕ್ಕಕ್ಕಿಟ್ಟು, ಗೂಡು ಎತ್ತಿದರು. ದಾಸಪ್ಪ ಬರುವಷ್ಟರಲ್ಲಿ ಅದು ರಸೂಲನ ರಾಶಿಯಲ್ಲಿ ಬೆರೆತಿತ್ತು. ಯಾವುದು ಯಾರದು ಅಂತ ಹೇಳುವುದು ಇನ್ನು ಯಾರಿಂದಲೂ ಆಗದು.

ಸುದ್ದಿ ಬಂದು ನಾನು ಹೋದಾಗ ಹಾಲಿನ ತುಂಬ ಜನ. ದಾಸಪ್ಪ ಖಾಲಿ ಟ್ರೇ ಹಿಡಿದು ಮೇಜಿನ ಮುಂದೆ ನಿಂತಿದ್ದ.

"ನಿನ್ ಕಣ್ಣು ಎಲ್ಲಿತ್ತವ್ವ? ನನ್ ಟವಲ್ ಕಾಣ್ಲಿಲ್ವಾ?"

"ಕಂಡ್ತು ಕಣಣ್ಣ. ಒತ್ತಿದೀನಿ."

"ಒತ್ತಿದ್ರೆ ಚೀಟಿ ಹೆಂಗೆ ಬಂತು? ರಸೂಲ್ ಸಾಬ್ರಿಗೆ ಬೇಕಾಗಿತ್ತು, ನೀನು ಕೊಡಿಸ್ದೆ. ಬುಡು, ನಮಗೇನು ಗೊತ್ತಾಗಕಿಲ್ವಾ?"

ರಸೂಲ್ ಮುಂದೆ ಬಂದ. "ನೋಡು ದಾಸಪ್ಪ, ಚೀಟಿ ಬಂತು, ಎತ್ತಿಸ್ದೆ. ಚೀಟಿ ಇಲ್ದೆ ಎತ್ತಿಸಿದ್ರೆ ನನ್ನ ಕೇಳು. ಮಧ್ಯಾಹ್ನದ ರೇಟೇ ಹಾಕ್ಕೊಡ್ತೀನಿ, ತಗೋ."

"ನಿನ್ ರೇಟು ನೀನೇ ಮಡಿಕ್ಕೋ. ಟವಲ್ ಹಾಕಿದ್ ಮೇಲೂ ಗೂಡು ಹೋದ್ರೆ ನಾಳೆಯಿಂದ ಇಲ್ಲಿಗೆ ಯಾವನ್ಲಾ ಬತ್ತಾನೆ?"

ಅಂಬಮ್ಮ ನನ್ನನ್ನು ನೋಡಿದಳು. ಜನರ ಮಧ್ಯೆ, ದೂರದಿಂದ. ನೀರು ಕುಡಿಯಲು ಹೊರಗೆ ಬಂದೆ.

ಮಾರ್ಚ್ 11

ಮುನಿಶಾಮಯ್ಯ ಕಂಪ್ಯೂಟರಿಗೆ ಬಟ್ಟೆ ಹೊದಿಸಿ ಹಗ್ಗ ಕಟ್ಟಿಸಿದ್ದಾನೆ. ಯಾರೂ ಮುಟ್ಟುವಂತಿಲ್ಲ. ಚೀಟಿ ಈಗ ಕೈಬರಹ. ಭಾನುವಾರ ಸಭೆ. ಅಲ್ಲಿಯವರೆಗೆ ಅಂಬಮ್ಮ ಬರುವುದು ಬೇಡ.

"ಮೆಷಿನ್ನಿಗೆ ರೈತನೂ ಒಂದೇ, ರೀಲರೂ ಒಂದೇ ಮೇಷ್ಟ್ರೇ," ಅಂದ. "ಅಂಬಮ್ಮ ಸುಳ್ಳು ಹೇಳೋರಲ್ಲ, ನಂಗೊತ್ತು. ಆದ್ರೂ ಮೆಷಿನ್ನು ಒತ್ತಿಲ್ಲ ಅಂತಾ ಐತಲ್ಲ."

ಮನೆಯಲ್ಲಿ ಅವಳು ಹಿತ್ತಲ ಕಟ್ಟೆಯ ಮೇಲೆ ಕೂತಿದ್ದಾಳೆ. ಕೆಲಸ ಏನೂ ಹಿಡಿದಿಲ್ಲ. ಎಡಗೈಯನ್ನು ಕಟ್ಟೆಯ ಮೇಲಿಟ್ಟು, ಆ ಬೆರಳನ್ನು ಮೆಲ್ಲಗೆ ಎತ್ತಿ ಇಳಿಸುತ್ತಾಳೆ. ಒತ್ತಿದೆನೋ ಇಲ್ಲವೋ ಅಂತ ಕೈಯನ್ನೇ ಕೇಳುವಂತೆ.

"ಒತ್ತಿದೆ ಅಂದ್ಕಂಡೆ," ಅಂದಳು.

ನಿನ್ನೆ 'ಒತ್ತಿದೀನಿ' ಇತ್ತು. ಇವತ್ತು 'ಅಂದ್ಕಂಡೆ'.

ಮಾರ್ಚ್ 12

ಸೆಂಟರಿಗೆ ಫೋನ್. ಲಕ್ಷ್ಮಯ್ಯ, ಕನಕಪುರದ ಬೂತಿನಿಂದ. ಹಿಂದೆ ಬಸ್ಸಿನ ಹಾರ್ನ್.

"ಸಾರ್, ಈಗ ಕೇಳ್ಪಟ್ಟೆ. ಅಂಬಕ್ಕ ಒತ್ತಿದೀನಿ ಅಂದ್ರೆ ಒತ್ತವ್ರೆ. ಅದ್ರಲ್ಲಿ ಮಾತೇ ಇಲ್ಲ. ನಂದೇ ಎಲ್ಲೋ ಎಡವಟ್ಟಾಗೈತೆ. ಭಾನುವಾರ ನನ್ ಕಾಪಿ ತಕ್ಕೊಂಡು ಬತ್ತೀನಿ. ಅಕ್ಕಂಗೆ ಧೈರ್ಯ ಹೇಳಿ."

"ಹೇಳುತ್ತೇನೆ."

"ನೀವು ತಾರೀಕು ಸರಿ ಮಾಡಿದ್ರಲ್ಲ ಸಾರ್, ಆಗ ಆ ಭಾಗ ಚೆನ್ನಾಗಿತ್ತಾ?"

"ತಾರೀಕು ಸರಿ ಮಾಡಿದೆ," ಅಂದೆ. ಕಾಸು ಮುಗಿದು ಲೈನ್ ಕಡಿದುಹೋಯಿತು.

ಅವನಿಗೆ ಏನೂ ಗೊತ್ತಿಲ್ಲ, ನಂಬುತ್ತಾನೆ. ಅದರ ಮೇಲೂ ನನಗೆ ಹೊಟ್ಟೆಕಿಚ್ಚು. ಅವಳಿಗೆ ಧೈರ್ಯ ಕೊಡುವ ಮಾತು ಕೂಡ ಅವನ ಬಾಯಲ್ಲಿ ಮೊದಲು ಬಂತು. ನಾನು ಅದನ್ನು ಮನೆಗೆ ಮುಟ್ಟಿಸಬೇಕು.

ಮುಟ್ಟಿಸಲಿಲ್ಲ.

ಮಾರ್ಚ್ 13, ಶುಕ್ರವಾರ

ಮುನಿಶಾಮಯ್ಯ ಹಾಲಿನ ಬೀಗದ ಕೈ ಕೊಟ್ಟ. "ಸಭೆಗೆ ಮುಂಚೆ ನೀವೊಂದ್ಸಲಿ ನೋಡಿ ಹೇಳ್ಬುಡಿ. ನಿಮ್ ಮಾತೇ ಕಡೇದು."

ನನ್ನ ಮಾತೇ ಕಡೆಯದು.

ಹಗ್ಗ ಬಿಚ್ಚಿ ಕೂತೆ. ಅವಳ ಕುರ್ಚಿ. ಜೇಬಿನಲ್ಲಿ ಲಕ್ಷ್ಮಯ್ಯನ ಮೂಲ ಫ್ಲಾಪಿ. ತಾರೀಕನ್ನಷ್ಟೇ ತಿದ್ದಿ ಇದನ್ನು ಹಾಕಿಬಿಟ್ಟರೆ ಕೀ ಮೊದಲಿನಂತೆ ಕೆಲಸ ಮಾಡುತ್ತದೆ. ನಾನು ಅಳಿಸಿದ ಗುರುತು ಉಳಿಯುವುದಿಲ್ಲ. ಆದರೆ ಭಾನುವಾರ ಎಲ್ಲರ ಮುಂದೆ ಒತ್ತಿ ನೋಡಿದಾಗ ಕೀ ಸರಿ ಇದ್ದರೆ — ಅಂಬಮ್ಮ ಒತ್ತಲಿಲ್ಲ ಅಂತಲೇ ಆಗುತ್ತದೆ. ಟವಲ್ ಕಂಡೂ ಬಿಟ್ಟಳು, ರೀಲರ್ ಕಡೆಯವಳು.

ಹಾಕದೆ ಹಾಗೆಯೇ ಬಿಟ್ಟರೆ ಕೀ ಸತ್ತಿದೆ ಅಂತ ಕಾಣುತ್ತದೆ. ಆಗ ತಪ್ಪು ಲಕ್ಷ್ಮಯ್ಯನದು. ಅವನು ಹೋಗುತ್ತಾನೆ. ಜನವರಿಯಿಂದ ನಾನು ಬಯಸಿದ್ದು ಇದನ್ನೇ. ಆದರೆ ಅವನ ಕಾಪಿಯಲ್ಲಿ ಆ ಎರಡು ಸಾಲು ಇರುತ್ತವೆ. ಅವನು ನೋಡುತ್ತಾನೆ. ನನ್ನ ಮುಖ ನೋಡುತ್ತಾನೆ. ಸಾರ್ ಅನ್ನುತ್ತಾನೆ, ಸುಮ್ಮನಾಗುತ್ತಾನೆ — ಅಂಥವನು. ನಂದೇ ತಪ್ಪು ಅಂತ ಒಪ್ಪಿಕೊಂಡು ಬಸ್ ಹತ್ತಿದರೂ ಹತ್ತಿಯಾನು. ಅದನ್ನು ಅವನಿಂದ ತೆಗೆದುಕೊಳ್ಳುವುದು...

ಎಡಗೈ ಒರಗಿಸಿ ಒತ್ತಿ ನೋಡಿದೆ. ನನ್ನ ಬೆರಳು ಬಗ್ಗುತ್ತದೆ, ಬೇರೆ ಕೀಗೆ ಬಿತ್ತು.

ಫ್ಲಾಪಿ ಹಾಕಲಿಲ್ಲ. ಮತ್ತೆ ಹಗ್ಗ ಕಟ್ಟಿದೆ. ಭಾನುವಾರ ಹೇಳುತ್ತೇನೆ ಅಂತ ಮುನಿಶಾಮಯ್ಯನಿಗೆ ಅಂದೆ.

ಮಾರ್ಚ್ 15, ಭಾನುವಾರ, ಬೆಳಿಗ್ಗೆ

ಸಭೆಗೆ ಇನ್ನೂ ಹೊತ್ತಿದೆ. ಅಂಬಮ್ಮ ಆಗಲೇ ತಯಾರಾಗಿದ್ದಾಳೆ. ತಲೆಗೆ ಎಣ್ಣೆ ಹಾಕಿ ಬಿಗಿಯಾಗಿ ಬಾಚಿದ್ದಾಳೆ. ತಿಂಡಿ ಮುಟ್ಟಲಿಲ್ಲ.

"ನೀವು ಬರದಿದ್ರೂ ಪರ್ವಾಗಿಲ್ಲ," ಅಂದಳು. "ಎದುರಿಗೆ ನೀವಿದ್ರೆ ನಂಗೆ ಇನ್ನೂ ಕಷ್ಟ. ನಾನೇ ಹೇಳ್ಬುಡ್ತೀನಿ. ಒತ್ತಿದೆ ಅಂದ್ಕಂಡೆ, ಒತ್ತಿಲ್ಲ ಅಂತ ಕಾಣ್ತದೆ. ತಪ್ಪಾಯ್ತು ಅಂತೀನಿ."

"ಹಾಗೆ ಹೇಳಬೇಡ."

"ಮತ್ತಿನ್ನೇನ್ ಹೇಳ್ಲಿ? ನನ್ ಕೈ ಮೇಲೇ ನಂಗೆ ನಂಬಿಕೆ ಹೋಗೈತೆ."

"ನೀನು ಒತ್ತಿದ್ದೆ. ನನಗೆ ಗೊತ್ತು."

ಯೋಚಿಸದೆ ಬಂದುಬಿಟ್ಟಿತು. ನಂಬುತ್ತೇನೆ ಅನ್ನಬಹುದಿತ್ತು, ಲಕ್ಷ್ಮಯ್ಯ ಅಂದ ಹಾಗೆ. ಗಂಡನಾದವನು ಆಡುವ ಮಾತು. ಅಲ್ಲಿಗೆ ಮುಗಿಯುತ್ತಿತ್ತು.

ಸೆರಗು ಸರಿಮಾಡಿಕೊಳ್ಳುತ್ತಿದ್ದವಳು ನಿಲ್ಲಿಸಿದಳು.

"ನೀವು ಅಲ್ಲಿರಲಿಲ್ವಲ್ಲ."

"ಇರಲಿಲ್ಲ."

"ಮತ್ತೆ ಹೆಂಗೆ ಗೊತ್ತು?"

ಕೋಪವಿರಲಿಲ್ಲ ದನಿಯಲ್ಲಿ. ಕೇಳಿದಳು, ಅಷ್ಟೆ. ಒಂದು ನಿಮಿಷ ಅಂದು ಇಲ್ಲಿ ಬಂದು ಕೂತಿದ್ದೇನೆ. ಮೇಜಿನ ಡ್ರಾಯರ್ ತೆಗೆದಿದೆ, ಮೊನ್ನೆ ಜೇಬಿನಿಂದ ತೆಗೆದಿಟ್ಟ ಲಕ್ಷ್ಮಯ್ಯನ ಫ್ಲಾಪಿ ಕಾಣುತ್ತಿದೆ. ಅವಳು ಬಾಗಿಲಲ್ಲಿ ನಿಂತೇ ಇದ್ದಾಳೆ, ಎಡಗೈ ಚೌಕಟ್ಟಿನ ಮೇಲೆ. ನಾನು ಬರೆಯುವುದನ್ನು ನೋಡುತ್ತಿದ್ದಾಳೆ. ಈಗ ಹತ್ತಿರ ಬರುತ್ತಿದ್ದಾಳೆ. ಪುಸ್ತಕ ಮುಚ್ಚುವುದಿಲ್ಲ.